ಸರಿಪಡಿಸುವ ನ್ಯಾಯ: ನೊಂದವರ ಕಡೆಯಿಂದ ನೋಡಿದರೆ

ಹಲ್ಲೆ ಪ್ರಕರಣವೊಂದು ಕೋರ್ಟಿಗೆ ಬಂದಾಗ ಪೆಟ್ಟು ತಿಂದವರು ಎಲ್ಲಿರುತ್ತಾರೆ? ಸಾಕ್ಷಿ ಕಟಕಟೆಯಲ್ಲಿ. ಅದೂ ಕರೆದ ದಿನ ಮಾತ್ರ. ಕೇಳಿದ್ದಕ್ಕೆ ಹೌದು, ಇಲ್ಲ ಎಂದು ಉತ್ತರ ಕೊಟ್ಟು ಮನೆಗೆ ಹೋಗಬೇಕು. 'ನನ್ನನ್ನೇ ಯಾಕೆ ಹೊಡೆದೆ? ಮತ್ತೆ ಬರ್ತೀಯಾ?' ಎಂದು ಎದುರಿಗಿರುವವನನ್ನು ಕೇಳಲು ಅಲ್ಲಿ ಅವಕಾಶವಿಲ್ಲ. ಪ್ರಕರಣ ನಡೆಯುವುದು ಸರ್ಕಾರ ಮತ್ತು ಆರೋಪಿಯ ನಡುವೆ. ಶಿಕ್ಷೆ ಆದರೂ, ಬಿಡುಗಡೆ ಆದರೂ ಆ ಪ್ರಶ್ನೆಗಳು ನೊಂದವರ ತಲೆಯಲ್ಲಿ ಹಾಗೇ ಉಳಿಯುತ್ತವೆ.

ಆ ಪ್ರಶ್ನೆಗಳಿಗೆ ಜಾಗ ಮಾಡಿಕೊಡುವ ಪ್ರಯತ್ನವೇ ರೆಸ್ಟೋರೇಟಿವ್ ಜಸ್ಟಿಸ್, ಅಂದರೆ ಸರಿಪಡಿಸುವ ನ್ಯಾಯ. ಯಾವ ಕಾನೂನು ಮುರಿಯಿತು, ಎಷ್ಟು ಶಿಕ್ಷೆ ಕೊಡಬೇಕು ಎಂಬಲ್ಲಿಂದ ಇದು ಶುರುವಾಗುವುದಿಲ್ಲ. ಯಾರಿಗೆ ಏಟಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಕೊಡುವ ಹೊಣೆ ಯಾರದು ಎಂಬಲ್ಲಿಂದ ಶುರುವಾಗುತ್ತದೆ. ಐವತ್ತು ವರ್ಷಗಳಲ್ಲಿ ಈ ಯೋಚನೆ ಒಂದು ಸಣ್ಣ ಊರಿನಿಂದ ಹೊರಟು ಶಾಲೆ, ಕೋರ್ಟು, ಜೈಲು, ಹತ್ಯಾಕಾಂಡ ಕಂಡ ದೇಶಗಳವರೆಗೂ ಹೋಗಿದೆ. ಆದರೆ ಹರಡುತ್ತಾ ಹೋದಂತೆ ಇದನ್ನು ಸಮರ್ಥಿಸುವ ಮಾತು ಬದಲಾಗಿದೆ. ಮರಳಿ ಅಪರಾಧ ಮಾಡುವವರು ಕಡಿಮೆಯಾಗುತ್ತಾರೆ, ಜೈಲಿನ ಖರ್ಚು ಉಳಿಯುತ್ತದೆ, ಶಾಲೆಯಲ್ಲಿ ಸಸ್ಪೆಂಡ್ ಆಗುವ ಮಕ್ಕಳ ಲೆಕ್ಕ ಇಳಿಯುತ್ತದೆ ಎನ್ನುತ್ತಾರೆ. ಇವೆಲ್ಲ ತಪ್ಪು ಮಾಡಿದವರ ಲೆಕ್ಕ, ಇಲ್ಲವೇ ಸಂಸ್ಥೆಯ ಲೆಕ್ಕ. ಸಿಕ್ಕಿರುವ ಪುರಾವೆಗಳನ್ನು ನೋಡಿದರೆ ಇದರಿಂದ ಅತಿ ಗಟ್ಟಿ ಲಾಭ ಆಗಿರುವುದು ನೊಂದವರಿಗೆ. ಅವರನ್ನು ಮರೆತ ಕಡೆ ಈ ವಿಧಾನ ದಾರಿ ತಪ್ಪಿದೆ. ನನ್ನ ವಾದ ಇಷ್ಟೇ.

ಬಾಗಿಲು ಬಡಿದ ಇಬ್ಬರು ಹುಡುಗರು

1974ರ ಮೇ ತಿಂಗಳು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾದಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಹಾನಿ ಮಾಡಿದರು. ಟೈರು ಸೀಳಿದರು, ಕಿಟಕಿ ಗಾಜು ಒಡೆದರು. ಸಿಕ್ಕಿಬಿದ್ದರು, ತಪ್ಪೊಪ್ಪಿಕೊಂಡರು. ಇಂಥ ಪ್ರಕರಣಕ್ಕೆ ಮಾಮೂಲಿ ದಾರಿ ಗೊತ್ತೇ ಇದೆ: ದಂಡ, ಇಲ್ಲವೇ ಸ್ವಲ್ಪ ದಿನ ಜೈಲು. ಆದರೆ ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿ (ತಪ್ಪು ಮಾಡಿದವರ ಮೇಲೆ ಜೈಲಿನ ಹೊರಗೆ ನಿಗಾ ಇಡುವವರು) ಮತ್ತು ಅವರ ಜೊತೆಗಾರ ಡೇವ್ ವರ್ತ್ ಬೇರೆಯೇ ಒಂದು ಸಲಹೆ ಇಟ್ಟರು. ಈ ಹುಡುಗರು ಹಾನಿಯಾದವರನ್ನು ಮುಖತಃ ಯಾಕೆ ಭೇಟಿ ಮಾಡಬಾರದು? ನ್ಯಾಯಾಧೀಶರು ಮೊದಲು ಹಿಂದೇಟು ಹಾಕಿ, ಕೊನೆಗೆ ಒಪ್ಪಿದರು. ಇಬ್ಬರೂ ಮನೆ ಮನೆಗೆ ಹೋಗಿ ಬಾಗಿಲು ಬಡಿದರು. ಯಾರಿಗೆ ಎಷ್ಟು ನಷ್ಟವಾಗಿದೆ ಎಂದು ಕೇಳಿಕೊಂಡರು. ಕೆಲವೇ ತಿಂಗಳಲ್ಲಿ ಹಣ ತಂದುಕೊಟ್ಟರು. ಆ ಇಬ್ಬರಲ್ಲಿ ಒಬ್ಬ ಎಷ್ಟೋ ವರ್ಷಗಳ ಮೇಲೆ ಇದೇ ಕ್ಷೇತ್ರದಲ್ಲಿ ಸ್ವಯಂಸೇವಕನಾದ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಆ ಹುಡುಗನ ಬದಲಾವಣೆಗೆ ಬಂದು ನಿಲ್ಲಿಸುತ್ತಾರೆ. ನನಗೆ ಬಾಗಿಲಿನ ಒಳಗಡೆ ಇದ್ದವರು ಮುಖ್ಯ ಅನಿಸುತ್ತಾರೆ. ರಾತ್ರೋರಾತ್ರಿ ಯಾರೋ ಬಂದು ಗಾಜು ಒಡೆದು ಹೋದಾಗ, ಆ 'ಯಾರೋ' ಎಷ್ಟು ಬೇಕಾದರೂ ದೊಡ್ಡದಾಗಿ ಬೆಳೆಯುತ್ತಾನೆ. ತನ್ನ ಮೇಲೆ ದ್ವೇಷವಿತ್ತಾ, ಮನೆ ನೋಡಿಕೊಂಡು ಹೋಗಿದ್ದನಾ, ಇನ್ನೊಮ್ಮೆ ಬರುತ್ತಾನಾ ಎಂಬ ದಿಗಿಲು ಬಿಡುವುದಿಲ್ಲ. ಬಾಗಿಲಲ್ಲಿ ನಿಂತವನು ತಲೆ ತಗ್ಗಿಸಿದ ಹದಿಹರೆಯದ ಹುಡುಗ ಎಂದು ಕಣ್ಣಾರೆ ಕಂಡಾಗ ಆ ದಿಗಿಲಿಗೆ ಒಂದು ಗಡಿ ಸಿಗುತ್ತದೆ. ಹಾನಿಯ ಹಣ ಬರುವುದು ಆಮೇಲಿನ ಮಾತು.

ನ್ಯೂಜಿಲೆಂಡ್ 1989ರಲ್ಲಿ ಇದನ್ನು ಕಾನೂನಿನ ಒಳಕ್ಕೇ ತಂದಿತು. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮಕ್ಕಳನ್ನು ಕುಟುಂಬದಿಂದ ಕಿತ್ತು ಸರ್ಕಾರಿ ಸಂಸ್ಥೆಗಳಲ್ಲಿ ಇಡುವ ಪದ್ಧತಿಯ ವಿರುದ್ಧ ಆ ಸಮುದಾಯ ವರ್ಷಗಟ್ಟಲೆ ದನಿ ಎತ್ತಿತ್ತು. ಅದರ ಫಲವಾಗಿ ಬಂದ ಕಾಯ್ದೆ ಬಾಲಾಪರಾಧ ಪ್ರಕರಣಗಳ ಕೇಂದ್ರಕ್ಕೆ 'ಫ್ಯಾಮಿಲಿ ಗ್ರೂಪ್ ಕಾನ್ಫರೆನ್ಸ್' ಎಂಬ ಸಭೆಯನ್ನು ತಂದಿತು. ಕೊಲೆ, ಕೊಲೆ ಎನಿಸದ ನರಹತ್ಯೆ ಬಿಟ್ಟು ಉಳಿದ ಗಂಭೀರ ಪ್ರಕರಣಗಳೂ ಇದರಡಿ ಬರುತ್ತವೆ. ಹುಡುಗ, ಅವನ ದೊಡ್ಡ ಕುಟುಂಬ, ನೊಂದವರು, ಪೊಲೀಸರು ಒಂದೆಡೆ ಕೂರುತ್ತಾರೆ. ಮಧ್ಯದಲ್ಲಿ ಕುಟುಂಬದವರಿಗೆ ಮಾತ್ರ ಮಾತಾಡಿಕೊಳ್ಳಲು ಸಮಯ ಬಿಡುತ್ತಾರೆ. ಅವರು ಒಂದು ಯೋಜನೆಯೊಂದಿಗೆ ವಾಪಸ್ ಬರಬೇಕು: ಏನು ಕೊಡುತ್ತೇವೆ, ಯಾರು ನೋಡಿಕೊಳ್ಳುತ್ತೇವೆ, ಯಾವಾಗ ಮುಗಿಸುತ್ತೇವೆ. 2014ರಿಂದ ಆ ದೇಶದಲ್ಲಿ ವಯಸ್ಕರ ಪ್ರಕರಣದಲ್ಲೂ, ಆರೋಪಿ ತಪ್ಪೊಪ್ಪಿಕೊಂಡು ನೊಂದವರು ಇದ್ದರೆ, ಶಿಕ್ಷೆ ಹೇಳುವ ಮುಂಚೆ ಇಂಥ ಭೇಟಿ ಸಾಧ್ಯವೇ ಎಂದು ವಿಚಾರಿಸಲು ಜಿಲ್ಲಾ ನ್ಯಾಯಾಲಯ ಪ್ರಕರಣವನ್ನು ಮುಂದೂಡಬೇಕು.

ಅಂಕಿಅಂಶ ಏನು ಹೇಳುತ್ತದೆ?

ಈ ವಿಷಯದಲ್ಲಿ ಕೇಳಿದ ಕಥೆಗಳಿಗಿಂತ ಜಾಸ್ತಿ ನಂಬಬಹುದಾದ ಪುರಾವೆ ಇದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 1995ರಿಂದ 2000ದವರೆಗೆ ಒಂದು ಪ್ರಯೋಗ ನಡೆಯಿತು. ತಪ್ಪೊಪ್ಪಿಕೊಂಡವರ ಪ್ರಕರಣಗಳಲ್ಲಿ ಯಾವುದು ಕೋರ್ಟಿಗೆ, ಯಾವುದು ಮುಖಾಮುಖಿ ಸಭೆಗೆ ಎಂಬುದನ್ನು ಅಧಿಕಾರಿಗಳ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದ ಹಾಗೆ ಹಂಚಿದರು. ಆಮೇಲೆ ಹಿಂಸೆಗೆ ಒಳಗಾದವರನ್ನು ಕೇಳಿದರು: ಅವಕಾಶ ಸಿಕ್ಕಿದರೆ ನಿಮಗೆ ಹೊಡೆದವರಿಗೆ ನೀವೂ ಏಟು ಕೊಡುತ್ತೀರಾ? ಕೋರ್ಟಿಗೆ ಹೋದ ಗುಂಪಿನಲ್ಲಿ 45 ಶೇಕಡಾ ಜನ ಹೌದು ಎಂದರು. ಸಭೆಗೆ ಹೋದ ಗುಂಪಿನಲ್ಲಿ 9 ಶೇಕಡಾ. ಒಂದು ಶಿಕ್ಷಾ ವ್ಯವಸ್ಥೆ ಮಾಡಬೇಕಾದ ಮೊದಲ ಕೆಲಸ ಸೇಡಿನ ಸರಪಳಿ ಕತ್ತರಿಸುವುದು, ಅಲ್ವಾ? ಆ ಕೆಲಸವನ್ನು ಒಂದೆರಡು ಗಂಟೆಯ ಸಭೆ ಕೋರ್ಟಿಗಿಂತ ಚೆನ್ನಾಗಿ ಮಾಡಿದೆ.

ಲಂಡನ್ನಿನಲ್ಲಿ ದರೋಡೆ, ಮನೆಗಳ್ಳತನಕ್ಕೆ ಒಳಗಾದವರ ಮೇಲೆ ಇದೇ ರೀತಿ ನಡೆಸಿದ ಅಧ್ಯಯನದಲ್ಲಿ, ಮುಖಾಮುಖಿ ಭೇಟಿ ಸಿಕ್ಕಿದವರಲ್ಲಿ ಆಘಾತದ ನಂತರದ ಮಾನಸಿಕ ಲಕ್ಷಣಗಳು ಸ್ಪಷ್ಟವಾಗಿ ಕಡಿಮೆ ಇದ್ದವು. ಬ್ರಿಟನ್ ಸರ್ಕಾರ ಹಣ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಭೇಟಿಗೆ ಬಂದ ಸಂತ್ರಸ್ತರ ಪೈಕಿ 85 ಶೇಕಡಾ ಜನ ತೃಪ್ತಿ ಹೇಳಿದರು. ಅಪರಾಧ ಮರುಕಳಿಸುವ ಪ್ರಮಾಣ ಅದೇ ಪ್ರಯೋಗದಲ್ಲಿ ಇಳಿದದ್ದು 14 ಶೇಕಡಾ. ಅದು ಸಣ್ಣದೇನಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಯಾವುದು ದೊಡ್ಡ ಫಲ ಎಂದು ಗೊತ್ತಾಗುತ್ತದೆ.

ಮರುಅಪರಾಧದ ವಿಷಯದಲ್ಲೂ ಒಂದು ಮಾತು ಗಮನಿಸಬೇಕು. ಇಂಥ ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬಂದ ಪರಾಮರ್ಶೆ ಕಂಡುಕೊಂಡದ್ದು: ಈ ವಿಧಾನ ಆಸ್ತಿಗೆ ಸಂಬಂಧಿಸಿದ ಅಪರಾಧಗಳಿಗಿಂತ ಹಿಂಸೆಯ ಪ್ರಕರಣಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 13ರಿಂದ 17 ವರ್ಷದವರ ಮೇಲಿದ್ದ ಗಂಭೀರ ಪ್ರಕರಣಗಳಲ್ಲಿ ನಡೆದ ಪ್ರಯೋಗದಲ್ಲಿ, ಈ ದಾರಿಗೆ ಕಳಿಸಿದ ಗುಂಪಿನಲ್ಲಿ ಆರು ತಿಂಗಳೊಳಗೆ ಮತ್ತೆ ಬಂಧನವಾಗುವ ಸಾಧ್ಯತೆ 44 ಶೇಕಡಾ ಇಳಿಯಿತು. ಕ್ಯಾನ್‌ಬೆರಾದಲ್ಲಿ ಕುಡಿದು ಗಾಡಿ ಓಡಿಸಿದವರ ಪ್ರಕರಣಗಳಲ್ಲಿ ಮಾತ್ರ ಲಾಭವೇ ಕಾಣಲಿಲ್ಲ. ಯಾಕಿರಬಹುದು? ಅಲ್ಲಿ ಎದುರಿಗೆ ಕೂತು ಮಾತಾಡಲು ಪೆಟ್ಟು ತಿಂದವರೇ ಇರಲಿಲ್ಲ. ನನ್ನ ಪ್ರಕಾರ ಇದು ಕಾಕತಾಳೀಯವಲ್ಲ. ತಪ್ಪು ಮಾಡಿದವನನ್ನು ಅಲುಗಾಡಿಸುವುದು ಬುದ್ಧಿಮಾತಲ್ಲ, ತನ್ನಿಂದ ನೋವಾದ ಮನುಷ್ಯನ ಮುಖ.

ಹಾಗಿದ್ದೂ ಬಹುಪಾಲು ವ್ಯವಸ್ಥೆಗಳು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಸಣ್ಣಪುಟ್ಟ ಕಳ್ಳತನ, ಗೋಡೆ ಮೇಲೆ ಗೀಚಿದ್ದು, ಮೊದಲ ಸಲ ಸಿಕ್ಕಿಬಿದ್ದ ಹುಡುಗರು: ಇವರಿಗಷ್ಟೇ ಈ ದಾರಿ. ಜೀವಕ್ಕೆ ಹೆದರಿ ಬದುಕುತ್ತಿರುವವರು, ಪ್ರಶ್ನೆಗಳನ್ನು ಹೊತ್ತು ವರ್ಷಗಳನ್ನು ಕಳೆಯುತ್ತಿರುವವರು ಹೊರಗೇ ಉಳಿಯುತ್ತಾರೆ. 'ಗಂಭೀರ ಅಪರಾಧಕ್ಕೆ ಮಾತುಕತೆ ಸಾಕಾ?' ಎಂಬ ಆಕ್ಷೇಪ ಸಹಜ. ಆದರೆ ಇದು ಶಿಕ್ಷೆಯ ಬದಲಿಗೇ ಬರಬೇಕೆಂದಿಲ್ಲ. ಜೈಲಿನಲ್ಲಿರುವವನನ್ನೂ ಭೇಟಿ ಮಾಡಬಹುದು. ಶಿಕ್ಷೆ ಶಿಕ್ಷೆಯ ಪಾಡಿಗೆ ನಡೆಯಲಿ, ಜೊತೆಗೆ ಇದೂ ನಡೆಯಲಿ ಎಂಬ ಏರ್ಪಾಡಿನಲ್ಲೂ ಒಳ್ಳೆಯ ಫಲ ಕಂಡಿದೆ.

ಭೇಟಿಗೆ ಮುಂಚಿನ ಕೆಲಸ

ಒಂದು ಶಾಲೆಯ ಉದಾಹರಣೆ ಇಟ್ಟುಕೊಳ್ಳೋಣ. ಎಂಟನೇ ತರಗತಿಯ ಹುಡುಗನೊಬ್ಬ ಸಹಪಾಠಿ ಹುಡುಗಿಯ ಫೋಟೊ ತಿದ್ದಿ, ಗೇಲಿ ಮಾಡಿ, ಕ್ಲಾಸಿನ ಗ್ರೂಪಿಗೆ ಹಾಕುತ್ತಾನೆ. ಶಾಲೆ ಅವನನ್ನು ಮೂರು ದಿನ ಸಸ್ಪೆಂಡ್ ಮಾಡುತ್ತದೆ. ಅವನಿಗೆ ಮೂರು ದಿನ ರಜೆ. ಅವಳಿಗೆ? ನಾಲ್ಕನೇ ದಿನ ಅವನು ವಾಪಸ್. ಫೋಟೊ ಇನ್ನೂ ನಲವತ್ತು ಫೋನುಗಳಲ್ಲಿದೆ. ಮೇಲಾಗಿ 'ಅವಳಿಂದ ಇವನು ಸಸ್ಪೆಂಡ್ ಆದ' ಎಂಬ ಮಾತು ಬೇರೆ.

ಈಗ ಕೆಟ್ಟ ಬಗೆಯ 'ಸರಿಪಡಿಸುವಿಕೆ' ನೋಡಿ. ಅದೇ ದಿನ ಮಧ್ಯಾಹ್ನ ಇಬ್ಬರನ್ನೂ ಕೋಣೆಗೆ ಕರೆದು, 'ಸಾರಿ ಹೇಳು, ನೀನೂ ಬಿಟ್ಟುಬಿಡಮ್ಮ, ಕೈ ಕುಲುಕಿ' ಎನ್ನುವುದು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಶಾಲೆಯ ದಾಖಲೆಯಲ್ಲಿ ಪ್ರಕರಣ ಇತ್ಯರ್ಥ. ಇದು ಹುಡುಗಿಗೆ ಎರಡನೇ ಅವಮಾನ. ಮೊದಲನೆಯದನ್ನು ಸಹಪಾಠಿ ಮಾಡಿದ, ಎರಡನೆಯದನ್ನು ಶಾಲೆಯೇ ಮಾಡಿತು.

ಸರಿಯಾದ ರೀತಿಯಲ್ಲಿ ನಡೆಸುವವರು ಮೊದಲು ಹುಡುಗಿಯ ಹತ್ತಿರ ಒಬ್ಬಳೇ ಇದ್ದಾಗ ಮಾತಾಡುತ್ತಾರೆ. ಬೇಕಿದ್ದರೆ ಅಮ್ಮನೋ ಗೆಳತಿಯೋ ಜೊತೆಗಿರಬಹುದು. ಏನಾಯಿತು ಎಂದು ಕೇಳಿ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಅವನನ್ನು ಭೇಟಿಯಾಗಲು ನಿನಗೆ ಇಷ್ಟವಿದೆಯಾ, ಇಲ್ಲ ಅಂದರೂ ಏನೂ ತೊಂದರೆಯಿಲ್ಲ ಎನ್ನುತ್ತಾರೆ. ನಿನಗೆ ಏನು ಬೇಕು ಎಂದು ಕೇಳುತ್ತಾರೆ. ಅವಳು ಹೇಳುವುದು ಹೀಗಿರಬಹುದು: ಅವನ ಸಾರಿ ನನಗೆ ಬೇಡ. ಎಲ್ಲರ ಫೋನಿಂದ ಆ ಫೋಟೊ ಹೋಗಬೇಕು. ಗ್ರೂಪಿನ ಆಚೆಗೆ ಅದನ್ನು ಯಾರಿಗೆಲ್ಲ ಕಳಿಸಿದ್ದಾರೆ ಗೊತ್ತಾಗಬೇಕು. ಅವನ ಹತ್ತಿರದ ಬೆಂಚಿನಲ್ಲಿ ನಾನು ಕೂರುವುದಿಲ್ಲ.

ಆಮೇಲೆ ಹುಡುಗನ ಜೊತೆ ಮಾತು, ಅದೂ ಬೇರೆಯಾಗಿ. 'ತಮಾಷೆಗೆ ಮಾಡಿದ್ದು' ಎಂದು ಅವನು ಶುರು ಮಾಡುತ್ತಾನೆ. ಆ ತಮಾಷೆಯಲ್ಲಿ ನಕ್ಕವರು ಯಾರು, ಅವಳು ಆ ಹೊತ್ತಿಗೆ ಎಲ್ಲಿದ್ದಳು, ಮರುದಿನ ಶಾಲೆಗೆ ಯಾಕೆ ಬರಲಿಲ್ಲ ಎಂದು ಕೇಳುತ್ತಾ ಹೋದಾಗ 'ತಮಾಷೆ' ನಿಧಾನಕ್ಕೆ ಕರಗುತ್ತದೆ. ಕರಗದಿದ್ದರೆ ಭೇಟಿ ಇಲ್ಲ. ತಪ್ಪನ್ನು ಒಪ್ಪಿಕೊಳ್ಳದವನ ಎದುರು ನೊಂದವರನ್ನು ಕೂರಿಸಬಾರದು ಎಂಬುದು ಈ ವಿಧಾನದ ಮೊದಲ ಕಟ್ಟಳೆ. ಭೇಟಿ ನಡೆದರೆ ಕೊನೆಯಲ್ಲಿ ಒಪ್ಪಂದ ಬರೆಯುತ್ತಾರೆ: ಏನು, ಯಾವ ತಾರೀಖಿನೊಳಗೆ, ಯಾರು ಪರೀಕ್ಷಿಸುತ್ತಾರೆ. ಎರಡು ವಾರ, ಎರಡು ತಿಂಗಳು ಬಿಟ್ಟು ಮತ್ತೆ ಹುಡುಗಿಯನ್ನು ವಿಚಾರಿಸುತ್ತಾರೆ.

ಇದಕ್ಕೆ ಹತ್ತು ನಿಮಿಷ ಸಾಲದು. ಎಷ್ಟೋ ಗಂಟೆ ಬೇಕು, ತರಬೇತಿ ಪಡೆದ ಒಬ್ಬರು ಬೇಕು. ಮೊದಲೇ ಪಾಠ, ಪರೀಕ್ಷೆ, ದಾಖಲೆ ಎಂದು ಒದ್ದಾಡುತ್ತಿರುವ ಶಿಕ್ಷಕರ ತಲೆ ಮೇಲೆ, ಒಂದು ದಿನದ ಕಾರ್ಯಾಗಾರ ಮಾಡಿ ಈ ಕೆಲಸ ಹೊರಿಸಿದರೆ ಏನಾಗುತ್ತದೆ? ಅದೇ ಹತ್ತು ನಿಮಿಷದ ಕೈ ಕುಲುಕಾಟ ಆಗುತ್ತದೆ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ.

ಶಾಲೆಗಳ ಬಗ್ಗೆ ಪುರಾವೆ ಮಿಶ್ರವಾಗಿರುವುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 44 ಶಾಲೆಗಳನ್ನು ಎರಡು ಗುಂಪು ಮಾಡಿ, 2015ರಿಂದ ಎರಡು ಶೈಕ್ಷಣಿಕ ವರ್ಷ ಈ ವಿಧಾನವನ್ನು ಪರೀಕ್ಷಿಸಿದರು. ಸಸ್ಪೆಂಡ್ ಆಗಿ ಕಳೆದ ದಿನಗಳು ಇಳಿದವು. ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ, ಬಡವರಿಗೂ ಉಳ್ಳವರಿಗೂ ಇದ್ದ ಅಂತರ ಕಡಿಮೆಯಾಯಿತು. ಇದು ನಿಜವಾದ ಗೆಲುವು. ಸಸ್ಪೆನ್ಷನ್ ಯಾವಾಗಲೂ ಬೀಳುವುದು ಅದೇ ಮಕ್ಕಳ ಮೇಲೆ, ಅವರು ಶಾಲೆಯಿಂದ ದೂರವಾಗುವುದೂ ಅಲ್ಲಿಂದಲೇ. ಶಾಲೆಯ ವಾತಾವರಣ ಸುಧಾರಿಸಿದೆ ಎಂದು ಶಿಕ್ಷಕರು ಹೇಳಿದರು. ಮಕ್ಕಳು ಹಾಗೆ ಹೇಳಲಿಲ್ಲ. ತರಗತಿಯನ್ನು ಹಿಡಿತದಲ್ಲಿಡುವ ವಿಷಯದಲ್ಲಿ ಅವರು ತಮ್ಮ ಶಿಕ್ಷಕರಿಗೆ ಕಡಿಮೆ ಅಂಕ ಕೊಟ್ಟರು. ಮಾಧ್ಯಮಿಕ ತರಗತಿಗಳಲ್ಲಿ ಪರೀಕ್ಷಾ ಫಲಿತಾಂಶವೂ ಕುಸಿಯಿತು. ಸಸ್ಪೆನ್ಷನ್ ಇಳಿಸುವುದನ್ನೇ ಗುರಿ ಮಾಡಿಕೊಂಡರೆ, ಅದೇ ಕೋಣೆಯಲ್ಲಿ ಪ್ರತಿದಿನ ಕಿರಿಕಿರಿ ಸಹಿಸುವ ಉಳಿದ ಮಕ್ಕಳು ಲೆಕ್ಕಕ್ಕೆ ಬರುವುದೇ ಇಲ್ಲ.

ಇಂಗ್ಲೆಂಡಿನ ಆಗ್ನೇಯ ಭಾಗದ 40 ಶಾಲೆಗಳಲ್ಲಿ ಮೂರು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದ ದಾರಿ ಬೇರೆ. ಅಲ್ಲಿ ಅಳೆದದ್ದೇ ಮಕ್ಕಳ ಅನುಭವವನ್ನು: ನಿನ್ನನ್ನು ಯಾರಾದರೂ ಪೀಡಿಸಿದರಾ? ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸೇರಿದ ಸಮಿತಿಗಳು ಶಾಲೆಯ ನಿಯಮಗಳನ್ನು ತಿದ್ದಿದವು. ಪೀಡನೆ ಸಣ್ಣ ಪ್ರಮಾಣದಲ್ಲಿ, ಆದರೆ ಖಚಿತವಾಗಿ ಇಳಿಯಿತು. ಒರಟು ವರ್ತನೆಯಲ್ಲಿ ಬದಲಾವಣೆ ಕಾಣಲಿಲ್ಲ. ಅದ್ಭುತವೇನಲ್ಲ, ಆದರೆ ಪ್ರಾಮಾಣಿಕ ಫಲ.

ಸಮುದಾಯದ ಹೆಸರಿನಲ್ಲಿ

ಸಮುದಾಯವೇ ನ್ಯಾಯ ಮಾಡಲಿ ಎನ್ನುವ ಮಾತು ಕೇಳಲು ಚೆಂದ. ಆದರೆ ಸಮುದಾಯದಲ್ಲಿ ಎಲ್ಲರ ದನಿಯೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ಹಿರಿಯರು ಸೇರಿ, ಕುಟುಂಬದ ಮಾನ, ಊರಿನ ಶಾಂತಿ ಎಂದು ಹೇಳಿ ದುರ್ಬಲರ ಬಾಯಿ ಮುಚ್ಚಿಸುವುದು ಲೋಕದ ಎಲ್ಲೆಡೆ ನಡೆದುಬಂದಿದೆ. ಅದು ರಾಜಿ, ಸರಿಪಡಿಸುವುದಲ್ಲ. ಗಂಡ ಹೊಡೆದಾಗ, ಲೈಂಗಿಕ ದೌರ್ಜನ್ಯ ನಡೆದಾಗ ಈ ಅಪಾಯ ಎಲ್ಲಕ್ಕಿಂತ ಜಾಸ್ತಿ. ಹೆದರಿಸಿ ಹಿಡಿತದಲ್ಲಿಟ್ಟವನು ಸಭೆಯಲ್ಲೂ ಒಂದು ನೋಟದಿಂದ ಹೆದರಿಸಬಲ್ಲ, ನಡೆಸಿಕೊಡುವವರಿಗೆ ಅದು ಕಾಣಿಸದೇ ಹೋಗಬಹುದು. ಹಾಗಂತ ಬಾಗಿಲು ಪೂರ್ತಿ ಮುಚ್ಚುವುದೂ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ವರ್ಷಗಳ ಮೇಲೆ, ತಾನೇ ಮುಂದೆ ಬಂದು, 'ನನಗೆ ಅವನಿಂದ ಉತ್ತರ ಬೇಕು' ಎನ್ನುವ ಹೆಂಗಸರೂ ಇದ್ದಾರೆ. ಕೇಳುವುದು ಅವರ ಕಡೆಯಿಂದ ಬರಬೇಕು, ಯಾವ ಕ್ಷಣದಲ್ಲಾದರೂ ನಿಲ್ಲಿಸುವ ಹಕ್ಕು ಅವರಿಗಿರಬೇಕು, ಕೋರ್ಟಿನ ದಾರಿ ತೆರೆದೇ ಇರಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಶುರು ಮಾಡಬಾರದು.

ದೇಶ ಮಟ್ಟದಲ್ಲಿ ನಡೆದ ಎರಡು ದೊಡ್ಡ ಪ್ರಯತ್ನಗಳೂ ಇದನ್ನೇ ತೋರಿಸುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಆಡಳಿತ ಮುಗಿದ ಮೇಲೆ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗ 1996ರಲ್ಲಿ ಬಹಿರಂಗ ವಿಚಾರಣೆ ಶುರು ಮಾಡಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮಾತು ರೇಡಿಯೋ, ಟಿವಿಯಲ್ಲಿ ಇಡೀ ದೇಶಕ್ಕೆ ಕೇಳಿಸಿತು. ಇದನ್ನು ಕಡಿಮೆ ಎಣಿಸಬಾರದು. ಆಮೇಲೆ ನಡೆದದ್ದನ್ನೂ ಹೇಳಬೇಕು. ಕ್ಷಮಾದಾನ ಕೋರಿ 7,000ಕ್ಕೂ ಹೆಚ್ಚು ಅರ್ಜಿಗಳು ಬಂದವು, 849 ಜನರಿಗೆ ಸಿಕ್ಕಿತು. ಸತ್ಯ ಪೂರ್ತಿ ಹೇಳಿ, ಅದು ರಾಜಕೀಯ ಉದ್ದೇಶದ ಕೃತ್ಯ ಎಂದು ತೋರಿಸಿದರೆ ಸಾಕಿತ್ತು. ಪಶ್ಚಾತ್ತಾಪ ಪಡಬೇಕೆಂಬ ಷರತ್ತು ಇರಲಿಲ್ಲ. ಕ್ಷಮಾದಾನ ಸಿಕ್ಕಿದ ಕ್ಷಣದಿಂದಲೇ ಜಾರಿ. ನೊಂದವರಿಗೆ ಆರು ವರ್ಷ, ವರ್ಷಕ್ಕಿಷ್ಟು ಎಂದು ಪರಿಹಾರ ಕೊಡಿ ಎಂದು ಆಯೋಗ ಶಿಫಾರಸು ಮಾಡಿತ್ತು. 2003ರಲ್ಲಿ ಸರ್ಕಾರ ಒಪ್ಪಿದ್ದು ಒಂದೇ ಸಲಕ್ಕೆ 30,000 ರ‍್ಯಾಂಡ್ (ಅಲ್ಲಿನ ನಾಣ್ಯ). ಸತ್ಯ ಹೇಳಿದವರಿಗೆ ಆಗಲೇ ಬಿಡುಗಡೆ, ಅದನ್ನು ಕೂತು ಕೇಳಿದವರಿಗೆ ವರ್ಷಗಳ ಕಾಯುವಿಕೆ. ಆ ಕಹಿ ಇಂದಿಗೂ ಆ ದೇಶದಲ್ಲಿದೆ.

ರುವಾಂಡಾದಲ್ಲಿ 1994ರ ನರಮೇಧದ ಆರೋಪಿಗಳು ಎಷ್ಟಿದ್ದರೆಂದರೆ, ಮಾಮೂಲಿ ಕೋರ್ಟುಗಳಲ್ಲಿ ವಿಚಾರಣೆ ಮುಗಿಯುವ ಮಾತೇ ಇರಲಿಲ್ಲ. ಹಾಗಾಗಿ ಗಚಾಚಾ ಎಂಬ ಊರಿನ ಸಭೆಯನ್ನು ಹೊಸ ರೂಪದಲ್ಲಿ ತಂದರು. ಸುಮಾರು 12,000 ಸಭೆಗಳು, 2012ರಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 19 ಲಕ್ಷ ಪ್ರಕರಣಗಳು. ಊರಿನವರೇ ಆರಿಸಿದ ನ್ಯಾಯಾಧೀಶರು, ವಕೀಲರಿಲ್ಲ. ತಮ್ಮವರ ಶವ ಎಲ್ಲಿದೆ ಎಂದು ಎಷ್ಟೋ ಜನರಿಗೆ ಗೊತ್ತಾದದ್ದು ಅಲ್ಲೇ. ಅವರಿಗೆ ಅದಕ್ಕಿಂತ ದೊಡ್ಡದು ಇನ್ನೇನಿದ್ದೀತು? ಆದರೆ ಹಾಜರಾತಿ ಕಡ್ಡಾಯವಾಗಿತ್ತು. ಸಾಕ್ಷಿ ಹೇಳಿದವರು ಆರೋಪಿಯ ಪಕ್ಕದ ಮನೆಗೇ ವಾಪಸ್ ಹೋಗಬೇಕಿತ್ತು. ಕೆಲವರು ಸಾಕ್ಷಿ ಹೇಳಿದ್ದಕ್ಕೇ ಜೀವ ಕಳೆದುಕೊಂಡರು. ನರಮೇಧ ನಡೆಸಿದವರನ್ನು ಸೋಲಿಸಿ ಅಧಿಕಾರ ಹಿಡಿದ ಕಡೆಯ ಸೈನಿಕರು ಮಾಡಿದ ಹತ್ಯೆಗಳು ಈ ಸಭೆಗಳ ವ್ಯಾಪ್ತಿಗೆ ಬರಲೇ ಇಲ್ಲ. ಹಾಗಾಗಿ ಒಂದು ಕಡೆಯ ನೊಂದವರಿಗೆ ಅಲ್ಲಿ ಬಾಯಿಯೇ ಇರಲಿಲ್ಲ.

ನೊಂದವರ ಕಡೆಯಿಂದ ಅಳೆಯಬೇಕು ಎಂದರೆ ಕೆಲಸದಲ್ಲಿ ಏನು ಬದಲಾಗಬೇಕು? ಭೇಟಿ ನಡೆಸಿದ ಸಂಖ್ಯೆ ಬಿಟ್ಟು, ಎಷ್ಟು ಜನ ನೊಂದವರಿಗೆ ಈ ದಾರಿ ಇದೆ ಎಂದು ತಿಳಿಸಲಾಯಿತು, ಬೇಡ ಎಂದವರಿಗೆ ಒತ್ತಡ ಬಂತಾ, ಒಪ್ಪಂದದ ಎಷ್ಟು ಭಾಗ ಪೂರ್ತಿಯಾಯಿತು ಎಂದು ಲೆಕ್ಕ ಇಡಬೇಕು. ಯುರೋಪಿಯನ್ ಒಕ್ಕೂಟ 2012ರಲ್ಲಿ ಸಂತ್ರಸ್ತರ ಹಕ್ಕುಗಳ ನಿರ್ದೇಶನ ಹೊರಡಿಸಿ, ಈ ಸೇವೆ ಸಂತ್ರಸ್ತರ ಹಿತಕ್ಕೆ ಅನುಗುಣವಾಗಿದ್ದರೆ ಮಾತ್ರ ನಡೆಯಬೇಕು, ಅವರ ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು, ಅದನ್ನು ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳಬಹುದು ಎಂದು ಬರೆಯಿತು. ಕಾಗದದ ಮೇಲೆ ಚೆನ್ನಾಗಿದೆ. ಭೇಟಿ ಗೊತ್ತು ಮಾಡಿ ಆಮೇಲೆ ರದ್ದು ಮಾಡುವುದು, ಮುಂದೂಡುತ್ತಾ ಹೋಗುವುದು ಕೂಡ ಗಾಯವೇ. ಕ್ಯಾನ್‌ಬೆರಾದಲ್ಲಿ ಅತಿ ಹೆಚ್ಚು ಬೇಸರ ಹೇಳಿಕೊಂಡವರಲ್ಲಿ, ಭೇಟಿ ಆಗುತ್ತದೆ ಎಂದು ಕಾದು ಆಗದೇ ಹೋದವರೂ ಇದ್ದರು.

ಹೀಗೆ ಅಳೆಯಲು ಹೊರಟಾಗ ಇನ್ನೊಂದು ದೊಡ್ಡ ಗುಂಪು ಕಣ್ಣಿಗೆ ಬೀಳುತ್ತದೆ. ಅವರಿಗೆ ಪೆಟ್ಟು ಕೊಟ್ಟವನು ಸಿಕ್ಕೇ ಇಲ್ಲ, ಸಿಕ್ಕಿದರೂ ಒಪ್ಪಿಕೊಂಡಿಲ್ಲ. ಸರಿಪಡಿಸುವ ನ್ಯಾಯದ ಬಾಗಿಲು ತೆರೆಯುವುದೇ ತಪ್ಪೊಪ್ಪಿಗೆಯಿಂದ, ಹಾಗಾಗಿ ಇವರು ಹೊರಗೇ ಉಳಿಯುತ್ತಾರೆ. ಕೆಲವು ದೇಶಗಳ ಜೈಲುಗಳಲ್ಲಿ, ಒಂದೇ ಬಗೆಯ ಅಪರಾಧಕ್ಕೆ ಒಳಗಾದವರು ಮತ್ತು ಅಂಥದ್ದೇ ಅಪರಾಧ ಮಾಡಿದ ಬೇರೆ ಕೈದಿಗಳು ಕೂತು ಮಾತಾಡುವ ಕಾರ್ಯಕ್ರಮಗಳಿವೆ. ಅದು ಒಂದಷ್ಟು ಜನರಿಗೆ ಆಸರೆ. ಉಳಿದವರಿಗೆ ಬೇಕಾದದ್ದು ಸರಳ: ಮುರಿದ ಬೀಗ ಇವತ್ತೇ ರಿಪೇರಿ ಆಗಬೇಕು, ಆಸ್ಪತ್ರೆ ಖರ್ಚಿಗೆ ದಾರಿ ಬೇಕು, ರಾತ್ರಿ ನಿದ್ದೆ ಬಾರದಾಗ ಮಾತಾಡಲು ತಿಳಿದವರೊಬ್ಬರು ಬೇಕು. ಇದಕ್ಕೆಲ್ಲ ಅಪರಾಧಿ ಸಿಗಲೇಬೇಕೆಂದಿಲ್ಲ. ಸರಿಪಡಿಸುವ ನ್ಯಾಯಕ್ಕೆ ಹಣ ಎತ್ತಿಡುವ ಸರ್ಕಾರ ಮತ್ತು ಶಾಲೆ, ಆ ಹಣದ ಒಂದು ಪಾಲನ್ನು ಭೇಟಿ ಎಂದೂ ಸಾಧ್ಯವಾಗದ ಈ ಜನರಿಗಾಗಿ ಮೊದಲೇ ತೆಗೆದಿಡಬೇಕು.